ವಿಕಿರಣ ಸಂಸ್ಕರಿತ ಆಹಾರದ ಪತ್ತೆ ಮತ್ತು ಶ್ರಾವಕಾಚಾರ: ಒಂದು ವಿಮರ್ಶೆ

ಶ್ರಾವಕನ ಮನೆಯ ಅಡುಗೆಕೋಣೆಗೆ ಬರುವ ಪ್ರತಿಯೊಂದು ಪದಾರ್ಥವೂ ಎರಡು ಪ್ರಶ್ನೆಗಳನ್ನು ದಾಟಿ ಬರಬೇಕೆಂಬುದು ನಮ್ಮ ಹಿರಿಯರು ಹಾಕಿಕೊಟ್ಟ ಕ್ರಮ. ಈ ಪದಾರ್ಥ ಏನು? ಇದಕ್ಕಾಗಿ ಯಾವ ಜೀವಗಳಿಗೆ ಘಾತವಾಯಿತು? ಈ ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಲು ಅವರ ಬಳಿ ಇದ್ದ ಸಾಧನಗಳು ಸರಳವಾದವು. ಧಾನ್ಯವನ್ನು ಮೊರದಲ್ಲಿ ಕೇರುವುದು, ಹಿಟ್ಟನ್ನು ಜರಡಿ ಹಿಡಿಯುವುದು, ನೀರನ್ನು ಬಟ್ಟೆಯಲ್ಲಿ ಸೋಸುವುದು, ಹಣ್ಣನ್ನು ಹೋಳು ಮಾಡಿ ಬೆಳಕಿಗೆ ಹಿಡಿದು ನೋಡುವುದು. ಕಣ್ಣು, ಮೂಗು, ನಾಲಗೆಗಳೇ ಅಲ್ಲಿ ಪರೀಕ್ಷಕರು. ಈ ಮೂವರು ಪರೀಕ್ಷಕರೂ ಕೈಚೆಲ್ಲುವಂಥ ಒಂದು ಸಂಸ್ಕರಣೆ ಈಗ ಆಹಾರ ವ್ಯಾಪಾರದಲ್ಲಿ ಬಳಕೆಗೆ ಬಂದಿದೆ. ಅದೇ ವಿಕಿರಣ ಸಂಸ್ಕರಣೆ. ಗಾಮಾ ಕಿರಣ ಹಾಯ್ದುಹೋದ ಮಾವಿನಹಣ್ಣಿಗೂ ಹಾಯದ ಮಾವಿನಹಣ್ಣಿಗೂ ಬಣ್ಣದಲ್ಲಾಗಲಿ ವಾಸನೆಯಲ್ಲಾಗಲಿ ಗೃಹಿಣಿಗೆ ತಿಳಿಯುವ ಭೇದವಿಲ್ಲ.

ಹಾಗಾದರೆ ಇಂಥ ಆಹಾರವನ್ನು ಗುರುತಿಸುವುದು ಹೇಗೆ? ಗುರುತಿಸಲಾಗದ ಕಡೆ ವ್ರತಿಗಳ ಗತಿಯೇನು, ವ್ಯಾಪಾರಿಗಳ ಹೊಣೆಯೇನು? ಸಮಾಜದಲ್ಲಿ ಈ ಬಗ್ಗೆ ಪ್ರಚಲಿತವಾಗಿರುವ ಅಭಿಪ್ರಾಯಗಳನ್ನೂ ಸರ್ಕಾರದ ಗುರುತಿನ ವ್ಯವಸ್ಥೆಯನ್ನೂ ವಿಮರ್ಶಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಮ್ಮ ಜಿಲ್ಲೆಯ ಸಂಬಂಧ

ಇದು ದೂರದೇಶದ ಸಂಗತಿಯೆಂದು ಯಾರೂ ಭಾವಿಸಬೇಕಾಗಿಲ್ಲ. ಗಂಗರ ಮೊದಲ ರಾಜಧಾನಿಯೆನಿಸಿದ ಕುವಲಾಲಪುರವೇ ಇಂದಿನ ಕೋಲಾರ. ಆ ರಾಜ್ಯದ ಸ್ಥಾಪನೆಗೆ ಸಿಂಹನಂದಿ ಆಚಾರ್ಯರ ಅನುಗ್ರಹ ಕಾರಣವೆಂದು ಶಾಸನಪರಂಪರೆ ಸಾರುತ್ತದೆ. ಅದೇ ನೆಲ ಈಗ ಶ್ರೀನಿವಾಸಪುರದ ಮಾವು, ಕೋಲಾರ ಮತ್ತು ಮುಳಬಾಗಿಲಿನ ಟೊಮೇಟೊ, ಮಾಲೂರಿನ ಆಲೂಗಡ್ಡೆಗಳಿಂದ ಹೆಸರಾಗಿದೆ. ಬಾದಾಮಿ, ರಸಪುರಿ, ತೋತಾಪುರಿ, ಮಲ್ಲಿಕಾ, ನೀಲಂ ತಳಿಗಳ ಹಣ್ಣು ಹಂಗಾಮಿನಲ್ಲಿ ಶ್ರೀನಿವಾಸಪುರದ ಮಂಡಿಗಳಿಂದ ಲಾರಿಗಟ್ಟಲೆ ಹೊರಡುವುದನ್ನು ನಾವೆಲ್ಲ ಕಂಡಿದ್ದೇವೆ.

ಭಾರತದ ಮಾವಿಗೆ ಅಮೆರಿಕ ಸಂಯುಕ್ತ ಸಂಸ್ಥಾನದ ಬಾಗಿಲು ಬಹುಕಾಲ ಮುಚ್ಚಿತ್ತು. ಓಟೆಯೊಳಗೆ ಅಡಗಿರುವ ಮೂತಿಹುಳು ಮತ್ತು ಹಣ್ಣುನೊಣದ ಮರಿಗಳು ತಮ್ಮ ತೋಟಗಳಿಗೆ ಹಬ್ಬಬಹುದೆಂಬುದು ಅವರ ಭಯ. 2007ರಲ್ಲಿ ಆ ಬಾಗಿಲು ತೆರೆದದ್ದು ಒಂದು ಷರತ್ತಿನ ಮೇಲೆ: ಪ್ರತಿ ಹಣ್ಣಿಗೂ ಕನಿಷ್ಠ 400 ಗ್ರೇ ಪ್ರಮಾಣದ ವಿಕಿರಣ ತಾಗಿರಬೇಕು. ನಾಸಿಕ್ ಜಿಲ್ಲೆಯ ಲಾಸಲ್‌ಗಾಂವ್‌ನಲ್ಲಿ ಈರುಳ್ಳಿಗಾಗಿ ಕಟ್ಟಿದ್ದ ‘ಕೃಷಕ್’ ಕೇಂದ್ರದಲ್ಲಿ ಆ ವರ್ಷ ಈ ಕಾರ್ಯ ಪ್ರಾರಂಭವಾಯಿತು. ಮುಂದೆ ನಮ್ಮ ಮಾಲೂರಿನಲ್ಲಿಯೇ ಇನ್ನೋವಾ ಅಗ್ರಿ ಬಯೋ ಪಾರ್ಕ್ ಸಂಸ್ಥೆಯ ಗಾಮಾ ಕೇಂದ್ರ ಸ್ಥಾಪನೆಗೊಂಡು, ಅಮೆರಿಕಕ್ಕೆ ಹೋಗುವ ಮಾವಿನ ಸಂಸ್ಕರಣೆಗೆ ಮಾನ್ಯತೆ ಪಡೆದ ದೇಶದ ಕೆಲವೇ ಕೇಂದ್ರಗಳ ಸಾಲಿಗೆ ಸೇರಿತು. ಹೀಗೆ ಈ ಪ್ರಶ್ನೆ ನಮ್ಮ ಮನೆಬಾಗಿಲಿಗೇ ಬಂದಿದೆ.

ಸ್ವದೇಶದ ಬಳಕೆಗೂ ಕಾನೂನಿನ ಅನುಮತಿ ಇದೆ. ಪರಮಾಣು ಶಕ್ತಿ ಕಾಯಿದೆಯ ಅಡಿಯಲ್ಲಿ 1991ರಲ್ಲಿ ಆಹಾರ ವಿಕಿರಣದ ನಿಯಮಗಳು ರೂಪುಗೊಂಡವು. 1994ರಲ್ಲಿ ಈರುಳ್ಳಿ, ಆಲೂಗಡ್ಡೆ ಮತ್ತು ಸಾಂಬಾರ ಪದಾರ್ಥಗಳಿಗೆ, 1998ರಲ್ಲಿ ಮಾವು, ಅಕ್ಕಿ, ರವೆ, ಒಣದ್ರಾಕ್ಷಿ ಮೊದಲಾದವುಗಳಿಗೆ ಅನುಮತಿ ದೊರೆಯಿತು. 2012ರಲ್ಲಿ ಹೊಸ ನಿಯಮಗಳು ಬಂದವು. 2016ರಿಂದ ಒಂದೊಂದೇ ಪದಾರ್ಥಕ್ಕೆ ಬದಲಾಗಿ ಧಾನ್ಯ, ಹಣ್ಣು, ಸಾಂಬಾರ ಪದಾರ್ಥ ಎಂದು ವರ್ಗವಾರು ಅನುಮತಿ ಇದೆ.

ಕಿರಣವು ಮಾಡುವ ಕಾರ್ಯ

ಕೋಬಾಲ್ಟ್-60 ಎಂಬ ಧಾತುವಿನಿಂದ ಹೊಮ್ಮುವ ಗಾಮಾ ಕಿರಣದ ಎದುರಿನಲ್ಲಿ ಆಹಾರದ ಪೆಟ್ಟಿಗೆಗಳನ್ನು ನಿಗದಿಯಾದ ಹೊತ್ತು ಸಾಗಿಸುವುದೇ ಈ ವಿಧಾನ. ಆಹಾರವು ಕೋಬಾಲ್ಟನ್ನು ಮುಟ್ಟುವುದಿಲ್ಲ. ಒಂದು ಕಿಲೋಗ್ರಾಂ ಪದಾರ್ಥ ಒಂದು ಜೌಲ್ ಶಕ್ತಿಯನ್ನು ಹೀರಿದರೆ ಅದನ್ನು ಒಂದು ಗ್ರೇ ಎನ್ನುತ್ತಾರೆ. ಸಾವಿರ ಗ್ರೇ ಸೇರಿದರೆ ಒಂದು ಕಿಲೋಗ್ರೇ. ಗೆಡ್ಡೆಗಳು ಮೊಳೆಯದಂತೆ ತಡೆಯಲು 0.02ರಿಂದ 0.2 ಕಿಲೋಗ್ರೇ ಸಾಕು. ಧಾನ್ಯದ ಹುಳುವನ್ನು ನಿವಾರಿಸಲು 0.25ರಿಂದ 1 ಕಿಲೋಗ್ರೇ ಬೇಕು. ಮೆಣಸಿನಪುಡಿ, ಅರಿಸಿನಗಳಲ್ಲಿರುವ ಸೂಕ್ಷ್ಮಜೀವಿಗಳನ್ನು ಅಳಿಸಲು 6ರಿಂದ 14 ಕಿಲೋಗ್ರೇವರೆಗೂ ಕೊಡಬಹುದು.

ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. 10 ಕಿಲೋಗ್ರೇ ಕೊಟ್ಟರೂ ನೀರಿನ ಉಷ್ಣತೆ ಏರುವುದು ಎರಡೂವರೆ ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ. ಬೇಯಿಸಿದ ಆಹಾರ ಬೆಂದದ್ದೆಂದು ತಾನೇ ಸಾರುತ್ತದೆ. ಹುರಿದದ್ದು ಬಣ್ಣದಿಂದ, ಒಣಗಿಸಿದ್ದು ಸುಕ್ಕಿನಿಂದ, ಉಪ್ಪಿಗೆ ಹಾಕಿದ್ದು ರುಚಿಯಿಂದ ತನ್ನ ಕಥೆ ಹೇಳುತ್ತದೆ. ಕಿರಣ ತಾಗಿದ್ದು ಬೆಚ್ಚಗೂ ಆಗದೆ ಸುಮ್ಮನಿರುತ್ತದೆ. ಪತ್ತೆಯ ಕಷ್ಟವೆಲ್ಲ ಹುಟ್ಟುವುದು ಇಲ್ಲಿಯೇ.

ಪ್ರಯೋಗಾಲಯದ ಸಾಕ್ಷಿಗಳು

ಕಣ್ಣಿಗೆ ಕಾಣದಿದ್ದರೇನು, ಪ್ರಯೋಗಾಲಯಕ್ಕೆ ಕಳುಹಿಸಿದರೆ ತಿಳಿಯುವುದಲ್ಲವೇ ಎಂದು ಹಲವರು ಕೇಳುತ್ತಾರೆ. ಈ ನಂಬಿಕೆಯಲ್ಲಿ ಅರ್ಧ ಸತ್ಯವಿದೆ. ಅಂತರರಾಷ್ಟ್ರೀಯ ಆಹಾರ ಸಂಹಿತೆಯಾದ ಕೋಡೆಕ್ಸ್ 2001ರಲ್ಲಿ ಪತ್ತೆಯ ವಿಧಾನಗಳ ಮಾನದಂಡವನ್ನು ಪ್ರಕಟಿಸಿತು. ಯುರೋಪಿನಲ್ಲಿಯೂ ಇಂಥ ಮಾನದಂಡಗಳಿವೆ. ಆದರೆ ಎಲ್ಲ ಆಹಾರಕ್ಕೂ ಸಲ್ಲುವ ಒಂದೇ ಪರೀಕ್ಷೆ ಅವುಗಳಲ್ಲಿಲ್ಲ. ಮುಖ್ಯವಾದವನ್ನು ಒಂದೊಂದಾಗಿ ನೋಡೋಣ.

ಸಾಂಬಾರ ಪದಾರ್ಥಗಳಿಗೆ ಅತ್ಯಂತ ನಂಬಿಕೆಯ ಪರೀಕ್ಷೆ ಉಷ್ಣದೀಪ್ತಿಯದು. ಇದರ ಸ್ವಾರಸ್ಯವೇನೆಂದರೆ ಇಲ್ಲಿ ಸಾಕ್ಷಿ ನುಡಿಯುವುದು ಆಹಾರಕ್ಕೆ ಅಂಟಿದ ಮಣ್ಣು. ಮೆಣಸಿನಕಾಯಿ, ಕೊತ್ತಂಬರಿ, ಜೀರಿಗೆಗಳನ್ನು ಎಷ್ಟೇ ಶುಚಿ ಮಾಡಿದರೂ ಬೆಣಚುಕಲ್ಲಿನ ಸೂಕ್ಷ್ಮ ಕಣಗಳು ಉಳಿದೇ ಇರುತ್ತವೆ. ಈ ಕಣಗಳು ವಿಕಿರಣದ ಶಕ್ತಿಯನ್ನು ಹಿಡಿದಿಟ್ಟುಕೊಂಡು, ಕಾಯಿಸಿದಾಗ ಬೆಳಕಾಗಿ ಬಿಡುತ್ತವೆ. ಪ್ರಾಚೀನ ಮಡಕೆಗಳ ಕಾಲವನ್ನು ನಿರ್ಣಯಿಸಲು ಪುರಾತತ್ತ್ವಜ್ಞರು ಬಳಸುವ ತತ್ತ್ವವೂ ಇದೇ. ಕಣಗಳನ್ನು ಬೇರ್ಪಡಿಸಿ ಕಾಯಿಸಿ ಬೆಳಕನ್ನು ಅಳೆಯುತ್ತಾರೆ. ಬಳಿಕ ಅದೇ ಕಣಗಳಿಗೆ ಗೊತ್ತಾದ ಪ್ರಮಾಣದ ವಿಕಿರಣ ಕೊಟ್ಟು ಮತ್ತೊಮ್ಮೆ ಅಳೆದು ಎರಡನ್ನೂ ಹೋಲಿಸುತ್ತಾರೆ. ಇದಕ್ಕಿಂತ ಬೇಗನೆ ಮುಗಿಯುವ ಇನ್ನೊಂದು ಪರೀಕ್ಷೆಯಲ್ಲಿ ಕಾಯಿಸುವುದಕ್ಕೆ ಬದಲಾಗಿ ಅತಿಗೆಂಪು ಬೆಳಕನ್ನು ಮಿಡಿತ ಮಿಡಿತವಾಗಿ ಹಾಯಿಸುತ್ತಾರೆ. ಅದು ಶಂಕೆಯನ್ನು ತೋರಿಸಬಲ್ಲದು. ತೀರ್ಪಿಗೆ ಉಷ್ಣದೀಪ್ತಿಯೇ ಬೇಕು. ಚೆನ್ನಾಗಿ ತೊಳೆದು ಮಣ್ಣೇ ಉಳಿಯದ ಪದಾರ್ಥದಲ್ಲಾಗಲಿ ಸಾಂಬಾರ ಪದಾರ್ಥದಿಂದ ಇಳಿಸಿದ ಸತ್ತ್ವದಲ್ಲಾಗಲಿ ಸಾಕ್ಷಿಯೇ ಇಲ್ಲದಂತಾಗುತ್ತದೆ.

ಒಣದ್ರಾಕ್ಷಿ, ಒಣ ಅಂಜೂರ, ಒಣಗಿಸಿದ ಮಾವುಗಳಿಗೆ ಎಲೆಕ್ಟ್ರಾನ್ ಸ್ಪಿನ್ ಅನುರಣನವೆಂಬ ಪರೀಕ್ಷೆ ಇದೆ. ಅವುಗಳಲ್ಲಿ ಹರಳುಗಟ್ಟಿದ ಸಕ್ಕರೆಯು ಕಿರಣದಿಂದಾದ ಬದಲಾವಣೆಯನ್ನು ಬಹುಕಾಲ ಕಾಪಾಡುತ್ತದೆ. ಕುರುಹು ಕಂಡರೆ ಕಿರಣ ತಾಗಿದೆಯೆಂದು ಹೇಳಬಹುದು. ಕಾಣದಿದ್ದರೆ ತಾಗಿಲ್ಲವೆಂದು ಹೇಳಲಾಗದು, ಏಕೆಂದರೆ ಹರಳು ಇಲ್ಲದ ಹಣ್ಣಿನಲ್ಲಿ ಕುರುಹು ನಿಲ್ಲುವುದೇ ಇಲ್ಲ. ವರದಿಯನ್ನು ಓದುವವರು ಈ ಭೇದವನ್ನು ಮರೆಯಬಾರದು.

ಕೊಬ್ಬಿನಂಶವಿರುವ ಆಹಾರದಲ್ಲಿ ವಿಕಿರಣದಿಂದ ಹುಟ್ಟುವ ಕೆಲವು ಹೈಡ್ರೋಕಾರ್ಬನ್‌ಗಳನ್ನೂ ಆಲ್ಕೈಲ್ ಸೈಕ್ಲೋಬ್ಯುಟನೋನ್ ಎಂಬ ವಸ್ತುಗಳನ್ನೂ ಹುಡುಕುವ ರಾಸಾಯನಿಕ ಪರೀಕ್ಷೆಗಳಿವೆ. ಮಾವು, ಪರಂಗಿಗಳಿಗೂ ಇವನ್ನು ಅನ್ವಯಿಸಿದ್ದಾರೆ. ಆದರೆ ವಿಕಿರಣದ ಪ್ರಮಾಣ ಕಡಿಮೆಯಾದಷ್ಟೂ ಕುರುಹು ಮಂಕಾಗುತ್ತದೆ. ಮಾವಿಗೆ ಕೊಡುವುದಾದರೋ ಸಾಂಬಾರ ಪದಾರ್ಥಕ್ಕೆ ಕೊಡುವುದರ ಹದಿನೈದನೆಯ ಒಂದು ಭಾಗಕ್ಕೆ ಹತ್ತಿರದ ಅಲ್ಪ ಪ್ರಮಾಣ.

ಬೀಜವನ್ನು ಬಿತ್ತಿ ನೋಡುವ ಪರೀಕ್ಷೆಯೂ ಉಂಟು. ಕಿರಣ ತಾಗಿದ ಕಾಳಿನ ಬೇರು ಮೊಟಕಾಗಿ ನಿಲ್ಲುತ್ತದೆ. ಮನೆಯಲ್ಲಿಯೇ ಹೆಸರುಕಾಳು ನೆನೆಸಿ ನೋಡಿದರಾಯಿತೆಂದು ಕೆಲವರು ಹೇಳುವುದುಂಟು. ಹಳೆಯ ಕಾಳು, ಮುಗ್ಗಿದ ಕಾಳು, ಬಿಸಿಗೆ ಸಿಕ್ಕಿದ ಕಾಳು ಕೂಡ ಹಾಗೆಯೇ ಮೊಳೆಯದೆ ಇರಬಹುದಾದ್ದರಿಂದ ಇದು ಪುರಾವೆಯಾಗಲಾರದು. ಜೀವಕೋಶದ ಡಿ.ಎನ್.ಎ. ತುಂಡಾಗಿರುವುದನ್ನು ನೋಡುವ ಪರೀಕ್ಷೆಗೂ ಇದೇ ದೋಷ. ಶೀತಲಗೃಹದ ಹೆಪ್ಪುಗಟ್ಟುವಿಕೆಯಿಂದಲೂ ಅದು ತುಂಡಾಗುತ್ತದೆ.

ಕೊನೆಯದಾಗಿ ಹೇಳುವ ಪರೀಕ್ಷೆ ಜೈನ ಓದುಗರ ಮನಸ್ಸನ್ನು ವಿಶೇಷವಾಗಿ ತಟ್ಟಬೇಕಾದದ್ದು. ಪದಾರ್ಥದಲ್ಲಿರುವ ಸೂಕ್ಷ್ಮಜೀವಿಗಳನ್ನು ಸತ್ತವು, ಬದುಕಿದವು ಎಂದು ಭೇದವಿಲ್ಲದೆ ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾರೆ. ಬದುಕಿರುವವನ್ನು ಮಾತ್ರ ಬೆಳೆಸಿ ಇನ್ನೊಮ್ಮೆ ಎಣಿಸುತ್ತಾರೆ. ಎರಡರ ಅಂತರ ಬಹಳವಿದ್ದರೆ ಸಂಹಾರ ನಡೆದಿದೆಯೆಂದು ಅರ್ಥ. ಆ ಸಂಹಾರ ಕಿರಣದಿಂದಾಯಿತೋ, ಹಬೆಯಿಂದಾಯಿತೋ, ವಿಷವಾಯುವಿನಿಂದಾಯಿತೋ ಎಂಬುದನ್ನು ಮಾತ್ರ ಈ ಪರೀಕ್ಷೆ ಹೇಳಲಾರದು.

ಹಣ್ಣು ಹೇಳದ್ದನ್ನು ಕಾಗದ ಹೇಳಬೇಕು

ವಾಣಿಜ್ಯ ಓದಿದವರಿಗೆ ಈ ಸ್ಥಿತಿ ಅಪರಿಚಿತವಲ್ಲ. ಲೆಕ್ಕಪರಿಶೋಧಕನು ಗೋದಾಮಿನ ಪ್ರತಿಯೊಂದು ಮೂಟೆಯನ್ನೂ ತೂಗುವುದಿಲ್ಲ. ಅಲ್ಲೊಂದು ಇಲ್ಲೊಂದು ಮೂಟೆಯನ್ನು ಪರೀಕ್ಷಿಸುತ್ತಾನೆ, ಉಳಿದುದಕ್ಕೆ ವೋಚರು ಮತ್ತು ದಾಸ್ತಾನು ಪುಸ್ತಕವನ್ನು ನೋಡುತ್ತಾನೆ. ಪುಸ್ತಕ ಸುಳ್ಳಾದರೆ ಅವನ ತೂಕದಿಂದ ವ್ಯವಹಾರ ಉಳಿಯದು. ವಿಕಿರಣದ ಪರೀಕ್ಷೆಗಳೂ ಅಷ್ಟೇ. ಸುಳ್ಳನ್ನು ಆಗೊಮ್ಮೆ ಈಗೊಮ್ಮೆ ಹಿಡಿಯಲು ಅವು ಸಹಾಯಕ. ಸತ್ಯದ ಭಾರವನ್ನೆಲ್ಲ ಹೊರುವ ಶಕ್ತಿ ಅವಕ್ಕಿಲ್ಲ.

ಮಾವಿನ ರಫ್ತು ಇದಕ್ಕೆ ಒಳ್ಳೆಯ ದೃಷ್ಟಾಂತ. 400 ಗ್ರೇ ತಾಗಿದ ಹಣ್ಣಿನೊಳಗಿನ ಹುಳು ಆ ಕ್ಷಣದಲ್ಲಿಯೇ ಸಾಯಬೇಕೆಂಬ ನಿಯಮವಿಲ್ಲ. ಅದು ಬೆಳೆದು ಸಂತಾನ ಪಡೆಯಲಾರದಂತಾದರೆ ಸಾಕು. ಆದಕಾರಣ ಅಮೆರಿಕದ ಬಂದರಿನಲ್ಲಿ ಹಣ್ಣನ್ನು ಸೀಳಿದಾಗ ಜೀವಂತ ಹುಳು ಕಂಡರೂ ಸಂಸ್ಕರಣೆ ಆಗಿಲ್ಲವೆಂದು ತೀರ್ಮಾನಿಸಲಾಗದು, ಕಾಣದಿದ್ದರೂ ಆಗಿದೆಯೆಂದು ತೀರ್ಮಾನಿಸಲಾಗದು. ನಿರ್ಣಾಯಕವಾದದ್ದು ಕೇಂದ್ರದಲ್ಲಿ ಪೆಟ್ಟಿಗೆಗಳ ನಡುವೆ ಇಟ್ಟ ಮಾಪಕದ ಅಂಕಿ ಮತ್ತು ಅದನ್ನು ದಾಖಲಿಸಿದ ಪ್ರಮಾಣಪತ್ರ.

2025ರ ಮೇ ತಿಂಗಳಲ್ಲಿ ನಡೆದ ಘಟನೆ ಇದನ್ನು ಕಟುವಾಗಿ ತೋರಿಸಿತು. ಆ ತಿಂಗಳ 8 ಮತ್ತು 9ರಂದು ನವಿ ಮುಂಬಯಿಯ ಕೇಂದ್ರದಲ್ಲಿ ಸಂಸ್ಕರಿಸಿ ವಿಮಾನದಲ್ಲಿ ಕಳುಹಿಸಿದ ಮಾವಿನ ಕನಿಷ್ಠ 15 ರವಾನೆಗಳನ್ನು ಅಮೆರಿಕದ ಅಧಿಕಾರಿಗಳು ತಿರಸ್ಕರಿಸಿದರು. ಕಾರಣ, ವಿಕಿರಣಕ್ಕೆ ಸಂಬಂಧಿಸಿದ ದಾಖಲೆಪತ್ರದಲ್ಲಿ ದೋಷ. ಹಣ್ಣಿಗೆ ಸಂಸ್ಕರಣೆ ಆಗಿದೆಯೆಂದು ರಫ್ತುದಾರರು ಹೇಳಿದರು. ಹಿಂದಕ್ಕೆ ತರಿಸಿಕೊಳ್ಳುವ ಖರ್ಚು ದುಬಾರಿಯಾದ್ದರಿಂದ ಹಣ್ಣನ್ನು ಅಲ್ಲಿಯೇ ನಾಶಪಡಿಸಬೇಕಾಯಿತು. ನಷ್ಟ ಸುಮಾರು 5 ಲಕ್ಷ ಡಾಲರೆಂದು ಅವರ ಅಂದಾಜು. ಎದುರಿಗೆ ಹಣ್ಣಿತ್ತು, ಪ್ರಪಂಚದ ಅತ್ಯುತ್ತಮ ಪ್ರಯೋಗಾಲಯಗಳೂ ಆ ದೇಶದಲ್ಲಿದ್ದವು. ಆದರೂ ಹಣ್ಣನ್ನು ಕೇಳಿ ನಿರ್ಣಯಿಸಲು ಯಾರೂ ಮುಂದಾಗಲಿಲ್ಲ. ಕಾಗದವೇ ತೀರ್ಪು ಕೊಟ್ಟಿತು.

ಪ್ರಚಲಿತ ಅಭಿಪ್ರಾಯಗಳು

ಈ ಹಿನ್ನೆಲೆಯಲ್ಲಿ ಸಮಾಜದಲ್ಲಿ ಕೇಳಿಬರುವ ಮೂರು ಮಾತುಗಳನ್ನು ಪರಿಶೀಲಿಸಬೇಕು.

ಮೊದಲನೆಯದು, ಇಂಥ ಆಹಾರ ತಾನೇ ವಿಕಿರಣ ಸೂಸುತ್ತದೆ, ಅದು ವಿಷ ಎಂಬುದು. ಇದು ಸರಿಯಲ್ಲ. ಕೋಬಾಲ್ಟ್-60ರ ಕಿರಣಕ್ಕೆ ಆಹಾರವನ್ನು ವಿಕಿರಣಶೀಲವಾಗಿಸುವಷ್ಟು ಶಕ್ತಿಯಿಲ್ಲ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಆಹಾರ ಮತ್ತು ಕೃಷಿ ಸಂಸ್ಥೆ, ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಗಳ ಜಂಟಿ ತಜ್ಞ ಸಮಿತಿಯು ಸರಾಸರಿ 10 ಕಿಲೋಗ್ರೇವರೆಗಿನ ಸಂಸ್ಕರಣೆಯಿಂದ ವಿಷದೋಷವಿಲ್ಲವೆಂದು ನಿರ್ಣಯಿಸಿತು. ನಮ್ಮ ದೇಶದಲ್ಲಿಯೂ ಈ ಚರ್ಚೆ ನಡೆದಿದೆ. 1975ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ಸಂಶೋಧಕರು, ಆಗತಾನೇ ವಿಕಿರಣಕ್ಕೊಳಪಡಿಸಿದ ಗೋಧಿಯನ್ನು ತಿಂದ ಅಪೌಷ್ಟಿಕ ಮಕ್ಕಳ ರಕ್ತದಲ್ಲಿ ಅಸಹಜ ಜೀವಕೋಶಗಳು ಕಂಡವೆಂದು ಪ್ರಕಟಿಸಿದರು. ಮರುವರ್ಷ ಕೇಶವನ್ ಮತ್ತು ಸುಖಾತ್ಮೆ ಅವರ ಸಮಿತಿಯು ದತ್ತಾಂಶಗಳನ್ನು ಪರಿಶೀಲಿಸಿ ಆ ತೀರ್ಮಾನಕ್ಕೆ ಆಧಾರ ಸಾಲದೆಂದಿತು. ಭಯದ ಮಾತನ್ನು ಹರಡಿ ಶ್ರೀನಿವಾಸಪುರದ ರೈತನ ಬೆಳೆಗೆ ಕಳಂಕ ತರುವುದೂ ಮಿಥ್ಯೋಪದೇಶವೇ ಆಗುತ್ತದೆ.

ಎರಡನೆಯದು ಇದಕ್ಕೆ ತದ್ವಿರುದ್ಧವಾದ ಮಾತು. ಕಿರಣ ತಾಗಿದ ಹಣ್ಣು, ಗೆಡ್ಡೆಗಳು ಮೊಳೆಯುವುದಿಲ್ಲವಾದ್ದರಿಂದ ಅವು ಅಚಿತ್ತವಾದವು, ಸಚಿತ್ತತ್ಯಾಗ ಪ್ರತಿಮೆಯವರಿಗೂ ಸಲ್ಲುತ್ತವೆ ಎಂಬ ವಾದ. ಬೇಯಿಸುವುದು, ಒಣಗಿಸುವುದು, ಉಪ್ಪು ಹುಳಿಗಳೊಡನೆ ಬೆರೆಸುವುದು ಮೊದಲಾದ ಪ್ರಾಸುಕಗೊಳಿಸುವ ವಿಧಾನಗಳ ಪಟ್ಟಿಗೆ ಗಾಮಾ ಕಿರಣವನ್ನೂ ಸೇರಿಸುವ ಪ್ರಯತ್ನವಿದು. ವಸ್ತುಸ್ಥಿತಿ ಹಾಗಿಲ್ಲ. 400 ಗ್ರೇ ತಾಗಿದ ಮಾವು ಬಳಿಕವೂ ಉಸಿರಾಡುತ್ತದೆ, ಹಣ್ಣಾಗುತ್ತದೆ. ಅದರ ಮಾಗುವಿಕೆ ನಿಧಾನವಾಗಬಹುದೇ ಹೊರತು ನಿಲ್ಲುವುದಿಲ್ಲ. ಮೊಳೆಯುವ ಶಕ್ತಿ ಕಳೆದುಕೊಂಡ ಆಲೂಗಡ್ಡೆಯೂ ಉಸಿರಾಡುತ್ತಲೇ ಇರುತ್ತದೆ. ಅನಂತಕಾಯವೆಂದು ತ್ಯಜಿಸಿದ ಕಂದಮೂಲಕ್ಕೆ ಮೊಳಕೆಯೊಂದು ಇಲ್ಲವಾದ ಮಾತ್ರಕ್ಕೆ ತ್ಯಾಗದ ಕಾರಣ ಇಲ್ಲವಾಗುವುದಿಲ್ಲ. ಅಂತಿಮ ನಿರ್ಣಯ ಪೂಜ್ಯ ಮುನಿಗಳದು, ಆಚಾರ್ಯರದು. ಅವರ ಮುಂದೆ ಯಥಾರ್ಥವಾದ ಸಂಗತಿಯನ್ನು ಇಡುವುದು ಶ್ರಾವಕರ ಕರ್ತವ್ಯ.

ಮೂರನೆಯದು, ಹುಳುವನ್ನು ಕೊಲ್ಲುವುದೇ ಉದ್ದೇಶವಾದ್ದರಿಂದ ಇದು ಘೋರ ಹಿಂಸೆ ಎಂಬ ಮಾತು. ಇದರಲ್ಲಿ ತಿರುಳಿದೆ, ತೂಗಿ ನೋಡಬೇಕಾದದ್ದೂ ಇದೆ. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿದಾಗ, ಕೀಟವನ್ನೇ ಗುರಿಯಾಗಿಟ್ಟ ಈ ಕಾರ್ಯವನ್ನು ಕೇವಲ ಉದ್ಯೋಗೀ ಎಂದು ಹಗುರಗೊಳಿಸುವುದು ಸುಲಭವಲ್ಲ. ಆದರೆ ಕಿರಣವನ್ನು ದೂರುವ ಮುನ್ನ ನಮ್ಮ ನಮ್ಮ ಗೋದಾಮುಗಳನ್ನು ನೋಡಿಕೊಳ್ಳಬೇಕು. ಟಾರ್ಪಾಲು ಹೊದಿಸಿ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಇಡುವುದು ಧಾನ್ಯ ವ್ಯಾಪಾರದಲ್ಲಿ ದಿನಬಳಕೆಯ ಮಾತು. ಆ ಗುಳಿಗೆಯ ವಿಷವಾಯುವಿಗೂ ಗುರಿ ಕೀಟವೇ. ಸಾಂಬಾರ ಪದಾರ್ಥಗಳಿಗೆ ಬಳಸುವ ಎಥಿಲಿನ್ ಆಕ್ಸೈಡ್ ಎಂಬ ಅನಿಲದ ಶೇಷ ಕಂಡುಬಂದಿದೆಯೆಂದು 2024ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್ ಮತ್ತು ಸಿಂಗಾಪುರ ಭಾರತದ ಕೆಲವು ಮಸಾಲೆಗಳ ಮೇಲೆ ಕ್ರಮ ಕೈಗೊಂಡವು. ಅನಿಲವು ಶೇಷವನ್ನು ಬಿಡುವುದರಿಂದ ಸಿಕ್ಕಿಬಿದ್ದಿತು; ಕಿರಣಕ್ಕೆ ಅಂಥ ಶೇಷವಿಲ್ಲ. ಪತ್ತೆಯಾದದ್ದು ಮಾತ್ರ ಪಾಪ, ಆಗದ್ದು ಪುಣ್ಯ ಎಂಬ ಲೆಕ್ಕ ನ್ಯಾಯಾಲಯದಲ್ಲಿ ನಡೆದೀತು, ಕರ್ಮಸಿದ್ಧಾಂತದಲ್ಲಿ ನಡೆಯದು.

ಗುರುತಿನ ವ್ಯವಸ್ಥೆಯ ದೋಷಗಳು

ಪರೀಕ್ಷೆಯಿಂದ ಪೂರ್ತಿ ತಿಳಿಯದಿದ್ದಾಗ ಹೊದಿಕೆಯ ಮೇಲಿನ ಬರಹವೇ ಗತಿ. ವಿಕಿರಣಕ್ಕೊಳಪಡಿಸಿದ ಆಹಾರದ ಪೊಟ್ಟಣದ ಮೇಲೆ ಆ ಸಂಗತಿಯನ್ನೂ ಉದ್ದೇಶ, ದಿನಾಂಕ, ಕೇಂದ್ರದ ಪರವಾನಗಿ ಸಂಖ್ಯೆಗಳನ್ನೂ ‘ರಾಡುರಾ’ ಎಂಬ ಚಿಹ್ನೆಯನ್ನೂ ಮುದ್ರಿಸಬೇಕೆಂದು ನಿಯಮವಿದೆ. ನಿಯಮ ಒಳ್ಳೆಯದೇ. ಅದರ ಮೂರು ಕೊರತೆಗಳನ್ನು ಮಾತ್ರ ಹೇಳಲೇಬೇಕು.

ಒಂದು, ಚಿಹ್ನೆಯ ರೂಪ. 1960ರ ದಶಕದಲ್ಲಿ ನೆದರ್ಲೆಂಡ್ಸ್‌ನ ವಾಗೆನಿಂಗನ್‌ನಲ್ಲಿ ಹುಟ್ಟಿದ ಈ ಚಿಹ್ನೆ ಸಾಮಾನ್ಯವಾಗಿ ಹಸಿರು ಬಣ್ಣದ್ದು. ಮೇಲ್ಭಾಗ ತುಂಡುತುಂಡಾದ ವೃತ್ತ, ಒಳಗೊಂದು ಚುಕ್ಕೆ, ಅದರ ಕೆಳಗೆ ಎರಡು ಎಲೆ. ನಮ್ಮ ದೇಶದ ಸಸ್ಯಾಹಾರದ ಗುರುತೂ ಹಸಿರು, ಅದರಲ್ಲಿಯೂ ದುಂಡನೆಯ ಚುಕ್ಕೆ. ಹಸಿರು ಚುಕ್ಕೆ ಕಂಡರೆ ನಿಶ್ಚಿಂತೆಯಿಂದ ಕೊಳ್ಳುವ ಅಭ್ಯಾಸವಾದ ಕಣ್ಣಿಗೆ ರಾಡುರಾ ಇನ್ನೊಂದು ಶುಭಚಿಹ್ನೆಯಂತೆ ಕಾಣುವುದು ಸಹಜ. ಎಚ್ಚರಿಸಬೇಕಾದ ಗುರುತು ಎಲೆಯ ಚಿತ್ರದಿಂದ ಸಮಾಧಾನ ಹೇಳುತ್ತದೆ.

ಎರಡು, ಭಾಷೆ. ಪೊಟ್ಟಣದ ಬರಹ ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇದ್ದರೆ ಕಾನೂನಿಗೆ ಸಾಕು. ಕನ್ನಡವು ಮಾರುವವನ ಇಚ್ಛೆಗೆ ಬಿಟ್ಟದ್ದು. ಮುಳಬಾಗಿಲಿನ ಒಬ್ಬ ವೃದ್ಧ ಶ್ರಾವಿಕೆ ಪರ್ಯುಷಣದ ದಿನಗಳಲ್ಲಿ ಕೊಳ್ಳುವ ಪೊಟ್ಟಣ ಆಕೆಗೆ ಓದಲಾಗದ ಭಾಷೆಯಲ್ಲಿ ಸತ್ಯ ನುಡಿದರೆ ಆ ಸತ್ಯದಿಂದ ಆಕೆಗೇನು ಪ್ರಯೋಜನ?

ಮೂರು, ಬಿಡಿ ಮಾರಾಟ. ಗುರುತು ಇರುವುದು ಹೊದಿಕೆಯ ಮೇಲೆ. ಚೀಲ ಬಿಚ್ಚಿ ಡಬ್ಬಕ್ಕೆ ಸುರಿದು ನೂರು ಗ್ರಾಂ, ಇನ್ನೂರು ಗ್ರಾಂ ಎಂದು ಪೊಟ್ಟಣ ಕಟ್ಟಿದಾಗ ಗುರುತು ಚೀಲದೊಡನೆ ಹೊರಗೆ ಹೋಗುತ್ತದೆ. ಅರೆದು ಮಸಾಲೆಪುಡಿಯಲ್ಲಿ ಬೆರೆಸಿದಾಗ ಮತ್ತೂ ಮರೆಯಾಗುತ್ತದೆ. ಸಂಸ್ಕರಿತ ಪದಾರ್ಥವನ್ನು ಬೇರೊಂದರಲ್ಲಿ ಬೆರೆಸಿದರೂ ಘಟಕಗಳ ಪಟ್ಟಿಯಲ್ಲಿ ತಿಳಿಸಬೇಕೆಂಬುದು ಕೋಡೆಕ್ಸ್‌ನ ಅಭಿಮತ. ಯುರೋಪಿನ 1999ರ ನಿರ್ದೇಶನವೂ ಹಾಗೆಯೇ ಹೇಳುವುದಲ್ಲದೆ ಮಾರುಕಟ್ಟೆಯ ಮಾದರಿಗಳನ್ನು ಪರೀಕ್ಷಿಸಿ ಪ್ರತಿವರ್ಷ ವರದಿ ಮಾಡುವ ಹೊಣೆಯನ್ನು ಸರ್ಕಾರಗಳ ಮೇಲೆ ಹೊರಿಸಿದೆ. ನಮ್ಮ ಬಿಡಿ ಅಂಗಡಿಯಲ್ಲಿ ಈ ಸರಪಳಿಯ ಕೊನೆಯ ಕೊಂಡಿ ಅಂಗಡಿಯವನ ನಾಲಗೆ.

ವ್ರತದ ಒರೆಗಲ್ಲು

ಇಲ್ಲಿಗೆ ಪ್ರಶ್ನೆಯು ವಿಜ್ಞಾನದಿಂದ ಅಣುವ್ರತಕ್ಕೆ ಬರುತ್ತದೆ. ಆಹಾರದ ಮಾತು ಬಂದೊಡನೆ ನಾವು ಅಹಿಂಸೆಯೊಂದನ್ನೇ ನೆನೆಯುವುದು ವಾಡಿಕೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹೇಳಿರುವ ಅತಿಚಾರಗಳನ್ನು ವ್ಯಾಪಾರಿಯ ಕಣ್ಣಿನಿಂದ ಓದಿದರೆ ಈ ವಿಷಯಕ್ಕೆ ಇನ್ನೆರಡು ವ್ರತಗಳು ನೇರವಾಗಿ ಅನ್ವಯಿಸುವುದು ಕಾಣುತ್ತದೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಒಂದು. ಸುಳ್ಳು ಬರಹ, ಸುಳ್ಳು ದಾಖಲೆಯೇ ಕೂಟಲೇಖ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರ ಒಂದು. ಒಂದನ್ನು ತೋರಿಸಿ ಇನ್ನೊಂದನ್ನು ಕೊಡುವುದೆಂದು ಅದರ ಭಾವ. ರಾಜ್ಯದ ನಿಯಮವನ್ನು ಮೀರುವ ವಿರುದ್ಧರಾಜ್ಯಾತಿಕ್ರಮವೂ ಅದೇ ಸಾಲಿನಲ್ಲಿದೆ.

ಕಿರಣ ತಾಗಿದ ಮೆಣಸಿನಪುಡಿಯನ್ನು ಹಾಗೆಂದು ಹೇಳಿ ಮಾರಿದ ವ್ಯಾಪಾರಿಯ ವಿಷಯದಲ್ಲಿ ಉಳಿಯುವುದು ಹಿಂಸೆಯ ತರತಮದ ವಿಚಾರ. ಅದನ್ನು ಕೊಳ್ಳುವವನು ತನ್ನ ವ್ರತಕ್ಕೆ ತಕ್ಕಂತೆ ನಿರ್ಣಯಿಸಿಕೊಳ್ಳುತ್ತಾನೆ. ಹೇಳದೆ ಮಾರಿದವನು ಆ ನಿರ್ಣಯದ ಅಧಿಕಾರವನ್ನೇ ಕೊಳ್ಳುವವನಿಂದ ಕಸಿದುಕೊಂಡನು. ವ್ರತಿಯ ನಿಯಮ ಅವನ ಅರಿವಿಲ್ಲದೆ ಮುರಿಯಿತು. ಪ್ರಮಾದದಿಂದ ಕೂಡಿದ ಯೋಗವೇ ಹಿಂಸೆಯ ಮೂಲವೆಂದ ಮೇಲೆ, ಅರಿಯದ ವ್ರತಿಗಿಂತ ಅರಿತೂ ಮೌನವಾಗಿದ್ದ ವ್ಯಾಪಾರಿಯ ಭಾಗ ಅದರಲ್ಲಿ ದೊಡ್ಡದು. ಯಾವ ಪರೀಕ್ಷೆಗೂ ಸಿಕ್ಕಿಬೀಳದ ಸುಳ್ಳಿಗೆ ಅವಕಾಶವಿರುವ ಕಡೆಯಲ್ಲಿಯೇ ವ್ರತಕ್ಕೆ ನಿಜವಾದ ಕೆಲಸ. ತಕ್ಕಡಿಯನ್ನು ನೋಡುವ ಅಧಿಕಾರಿ ಇರುವಾಗ ಸರಿಯಾಗಿ ತೂಗುವುದರಲ್ಲಿ ವಿಶೇಷವೇನಿದೆ?

ಟ್ರಸ್ಟುಗಳಿಗೂ ಗೃಹಸ್ಥರಿಗೂ ಕೆಲವು ಸೂಚನೆಗಳು

ಬಸದಿ ಮತ್ತು ಮಂದಿರಗಳ ಟ್ರಸ್ಟುಗಳು ವರ್ಷಕ್ಕೆ ಬೇಕಾದ ಅಕ್ಕಿ, ಬೇಳೆ, ಅರಿಸಿನ, ಮೆಣಸಿನಕಾಯಿ, ಲವಂಗ, ಬಾದಾಮಿ, ಒಣದ್ರಾಕ್ಷಿಗಳನ್ನು ಸಗಟಾಗಿ ಕೊಳ್ಳುತ್ತವೆ. ಪೂಜೆಯ ಅಷ್ಟದ್ರವ್ಯಕ್ಕೂ ತ್ಯಾಗಿಗಳ ಆಹಾರಕ್ಕೂ ಅದೇ ದಾಸ್ತಾನು. ಆದಕಾರಣ ಅವರ ಒಂದು ಮಾತಿಗೆ ನೂರು ಮನೆಗಳ ಮಾತಿಗಿಂತ ಹೆಚ್ಚಿನ ಬೆಲೆಯಿದೆ.

ಖರೀದಿಯ ಆದೇಶಪತ್ರದಲ್ಲಿಯೇ ಒಂದು ವಾಕ್ಯ ಸೇರಿಸಬೇಕು: ಸರಕು ವಿಕಿರಣಕ್ಕಾಗಲಿ ಅನಿಲಧೂಪಕ್ಕಾಗಲಿ ಒಳಪಟ್ಟಿದೆಯೇ ಇಲ್ಲವೇ ಎಂಬುದನ್ನು ಬಿಲ್ಲಿನ ಮೇಲೆ ಬರೆದುಕೊಡತಕ್ಕದ್ದು. ಇವೆರಡನ್ನೂ ಒಟ್ಟಿಗೆ ಕೇಳಬೇಕು. ಕಿರಣವನ್ನು ಮಾತ್ರ ಕೇಳಿ ವಿಷಗುಳಿಗೆಯನ್ನು ಕೇಳದಿರುವುದು ಅರ್ಧ ವಿಚಾರಣೆಯಾದೀತು. ಚೀಲದ ಮೇಲಿನ ಚೀಟಿಯನ್ನು ಸರಕು ಮುಗಿಯುವವರೆಗೆ ಬಿಲ್ಲಿನೊಡನೆ ಫೈಲಿನಲ್ಲಿಡಬೇಕು. ಪುಡಿಗಳನ್ನು ಕೊಳ್ಳುವ ಬದಲು ಇಡೀ ಪದಾರ್ಥ ಕೊಂಡು ಸ್ವಂತ ನಿಗಾದಲ್ಲಿ ಪುಡಿ ಮಾಡಿಸಿದರೆ ಬೆರಕೆಯ ಶಂಕೆ ಬಹುಮಟ್ಟಿಗೆ ತಪ್ಪುತ್ತದೆ.

ದೊಡ್ಡ ಮೊತ್ತದ ಖರೀದಿಯಲ್ಲಿ ಸಂಶಯ ಬಂದರೆ ಎನ್.ಎ.ಬಿ.ಎಲ್. ಮಾನ್ಯತೆಯ ಪ್ರಯೋಗಾಲಯವನ್ನು ಕೇಳಬಹುದು. ಆಗಲೂ ‘ಪರೀಕ್ಷೆ ಮಾಡಿಕೊಡಿ’ ಎಂದಷ್ಟೇ ಹೇಳಿದರೆ ಸಾಲದು. ವಿಕಿರಣ ಪತ್ತೆಯ ಪರೀಕ್ಷೆ ಅವರ ಮಾನ್ಯತೆಯ ವ್ಯಾಪ್ತಿಯಲ್ಲಿ ಇದೆಯೇ, ನಮ್ಮ ಪದಾರ್ಥಕ್ಕೆ ಯಾವ ವಿಧಾನ ಬಳಸುವರು ಎಂದು ಮೊದಲೇ ತಿಳಿಯಬೇಕು. ಸಾಂಬಾರ ಪದಾರ್ಥಕ್ಕೆ ಉಷ್ಣದೀಪ್ತಿ, ಒಣಹಣ್ಣಿಗೆ ಸ್ಪಿನ್ ಅನುರಣನ ಎಂಬುದನ್ನು ನೆನಪಿಡಬೇಕು. ಕುರುಹು ಕಂಡಿಲ್ಲವೆಂಬ ವರದಿಯನ್ನು ಸಂಸ್ಕರಣೆ ಆಗಿಲ್ಲವೆಂಬ ಪ್ರಮಾಣಪತ್ರವಾಗಿ ಗೋಡೆಗೆ ತೂಗುಹಾಕಬಾರದು.

ನಮ್ಮ ಸಮಾಜದ ವ್ಯಾಪಾರಿಗಳು ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಬಹುದು. ಬಿಡಿ ಮಾರುವ ಡಬ್ಬದ ಮೇಲೆ ಕನ್ನಡದಲ್ಲಿ ‘ವಿಕಿರಣದಿಂದ ಸಂಸ್ಕರಿಸಿದೆ’ ಎಂದು ಒಂದು ಚೀಟಿ ಅಂಟಿಸಲು ಯಾವ ಕಾನೂನಿನ ಒತ್ತಾಯವೂ ಬೇಕಾಗಿಲ್ಲ. ಅದರಿಂದ ಒಂದಿಬ್ಬರು ಗಿರಾಕಿಗಳು ತಪ್ಪಬಹುದು. ಚೀಟಿ ಇಲ್ಲದ ಡಬ್ಬಗಳ ಮೇಲೆ ಉಳಿದವರ ನಂಬಿಕೆ ಇಮ್ಮಡಿಯಾಗುತ್ತದೆ. ‘ಜೈನರ ಅಂಗಡಿಯ ಸರಕು’ ಎಂದು ಕೋಲಾರದ ಪೇಟೆಯಲ್ಲಿ ಜನ ಆಡುವ ಮಾತಿಗೆ ಯಾವ ಪ್ರಯೋಗಾಲಯದ ಮೊಹರೂ ಇಲ್ಲ. ತಲೆಮಾರುಗಳಿಂದ ಅಂಗಡಿಯವರು ಹೇಳಿದ್ದು ನಿಜವಾಗಿ ನಡೆದುದರಿಂದಲೇ ಆ ಮಾತಿಗೆ ಬೆಲೆ ಬಂದಿದೆ. ಸರಕನ್ನು ಕೊಡುವಾಗ ಅದರ ಪೂರ್ವವೃತ್ತಾಂತವನ್ನೂ ಕೊಡುವುದು ಇನ್ನು ಮುಂದೆ ನಮ್ಮ ವ್ಯಾಪಾರಧರ್ಮದ ಅಂಗವಾಗಲಿ.